ಬೂದಿ ಕಣಿವೆಯ ವಿಳಾಸ: ರಾಬರ್ಟ್ ಬ್ರೂಸ್ ಫೂಟ್ ಬರೆದಿಟ್ಟ ಜಾಗಗಳು

ಬಳ್ಳಾರಿ–ಹೊಸಪೇಟೆ ರಸ್ತೆಯಲ್ಲಿ ಕುಡತಿನಿ ಹತ್ತಿರ ಒಂದು ಬೂದಿಗುಡ್ಡ ಇದೆ. ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲುಸಾಲಾಗಿ ಹೋಗುತ್ತಿರುತ್ತವೆ, ಹಾಗಾಗಿ ಯಾರೂ ಅತ್ತ ಕಡೆ ನೋಡುವುದಿಲ್ಲ. ಅಲ್ಲಿ ಬಿದ್ದಿರುವ ಒಂದು ಕಿಟ್ಟದ ತುಂಡು ಎತ್ತಿ ನೋಡಿ. ಗಾತ್ರ ನೋಡಿ ಕೈ ಎಷ್ಟು ಭಾರಕ್ಕೆ ಸಿದ್ಧವಾಗುತ್ತದೋ ಅಷ್ಟು ಭಾರ ಇರುವುದಿಲ್ಲ. ಒಳಗೆಲ್ಲ ತೂತು ತೂತು. ಆದರೆ ಅಂಚು ಮಾತ್ರ ಗಾಜಿನ ಹಾಗೆ, ಬೆರಳಿಗೆ ತಾಗಿದರೆ ಚುರ್ ಅನ್ನುತ್ತದೆ. ಒಡೆದ ಮುಖ ಬೂದು ಬಣ್ಣ, ಅಲ್ಲಲ್ಲಿ ಸ್ವಲ್ಪ ಹಸಿರು.

ಇದು ಸುಟ್ಟ ಸಗಣಿ. ಸುಮ್ನೆ ಸುಟ್ಟದ್ದಲ್ಲ, ಕರಗಿ ಗಾಜಾಗುವಷ್ಟು ಬಿಸಿಯಲ್ಲಿ ಸುಟ್ಟದ್ದು. ನಾಲ್ಕೈದು ಸಾವಿರ ವರ್ಷದ ಹಿಂದೆ ಇಲ್ಲಿ ದನ ಕಟ್ಟಿಕೊಂಡು ಬದುಕಿದವರು ಸುಟ್ಟದ್ದು.

ಈ ಜಾಗವನ್ನು ಒಬ್ಬ ಭೂವಿಜ್ಞಾನಿ ತನ್ನ ದಾಖಲೆಯಲ್ಲಿ "ಬೂದಿಕನಮ" ಎಂದು ಬರೆದುಕೊಂಡಿದ್ದ. ಹೆಸರು ರಾಬರ್ಟ್ ಬ್ರೂಸ್ ಫೂಟ್. ಆತನ ಕೆಲಸವನ್ನು ನಾನು ಒಂದು ಪ್ರಕರಣವಾಗಿ ಎತ್ತಿಕೊಂಡು ನೋಡಬೇಕು ಅಂತ ಬಹಳ ದಿನದಿಂದ ಇತ್ತು. ಕಾರಣ ಇಷ್ಟೇ. ಭಾರತದ ಮೊದಲ ಹಳೆ ಶಿಲಾಯುಗದ ಕೊಡಲಿ ಸಿಕ್ಕಿದ್ದು ಇವನಿಗೆ ಅಂತ ಪಾಠದಲ್ಲಿ ಒಂದು ಸಾಲು ಓದಿ ಬಿಡುತ್ತೇವೆ. ಆದರೆ ಆತನ ಮುಖ್ಯ ಕೆಲಸ ಅದಾಗಿರಲಿಲ್ಲ. ಆತ ಸಂಬಳ ತೆಗೆದುಕೊಂಡದ್ದು ಕಲ್ಲಿನ ನಕ್ಷೆ ಮಾಡುವುದಕ್ಕೆ. ಆ ನಕ್ಷೆ ಮಾಡುವ ಅಭ್ಯಾಸ, ಅಂದರೆ ಕಂಡದ್ದನ್ನೆಲ್ಲ ಒಂದು ಜಾಗಕ್ಕೆ ಗಂಟು ಹಾಕುವ ಅಭ್ಯಾಸ, ಅದರಿಂದಲೇ ಉಳಿದದ್ದೆಲ್ಲ ಬಂತು. ಆತ ಹೇಳಿದ ಅರ್ಥಗಳಲ್ಲಿ ಕೆಲವು ಉಳಿದವು, ಕೆಲವು ಬಿದ್ದವು, ಒಂದೆರಡು ಬಿದ್ದು ಮತ್ತೆ ಎದ್ದವು. ಆತ ಬರೆದ ಜಾಗಗಳು ಮಾತ್ರ ಇವತ್ತಿಗೂ ಕೆಲಸಕ್ಕೆ ಬರುತ್ತಿವೆ.

ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನಮ್‌ನಲ್ಲಿ. 1858ರ ಡಿಸೆಂಬರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದಾಗ ವಯಸ್ಸು 24. ಸಂಸ್ಥೆಗೂ ಆಗ ಏಳೇ ವರ್ಷ. ಥಾಮಸ್ ಓಲ್ಡ್‌ಹ್ಯಾಮ್ ಅದರ ಮುಖ್ಯಸ್ಥ. ಫೂಟ್ ಮದ್ರಾಸ್ ಕಡೆಯ ತಂಡಕ್ಕೆ ಸೇರಿದ, 1891ರಲ್ಲಿ ನಿವೃತ್ತನಾಗುವವರೆಗೂ ದಕ್ಷಿಣದಲ್ಲೇ ಜಾಸ್ತಿ ತಿರುಗಿದ. ಆಮೇಲೆ ಬರೋಡಾ ಸಂಸ್ಥಾನಕ್ಕೆ ಕೆಲಸ ಮಾಡಿದ. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ಶುರು ಮಾಡಿದಾಗ ಅದರ ಮೊದಲ ಮುಖ್ಯಸ್ಥ ಇವನೇ. ಇವತ್ತಿನ ಕರ್ನಾಟಕದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಬೇರು ಅಲ್ಲಿದೆ. 1912ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. ಚಿತಾಭಸ್ಮ ಇರುವುದು ಸೇಲಂ ಹತ್ತಿರದ ಏರ್ಕಾಡಿನ ಚರ್ಚಿನಲ್ಲಿ. ಕೊನೆಗಾಲದ ಮನೆಯೂ ಅಲ್ಲೇ ಇತ್ತು.

ಪೆನ್ಸಿಲ್ ಗೆರೆಯ ದಪ್ಪ

ಭೂವೈಜ್ಞಾನಿಕ ನಕ್ಷೆ ಅಂದರೆ ಏನು ಅಂತ ಒಂದು ನಿಮಿಷ ಹೇಳಿಬಿಡುತ್ತೇನೆ. ಊರು, ಹೊಳೆ, ದಾರಿ ತೋರಿಸುವ ನಕ್ಷೆ ಮೊದಲೇ ಇರುತ್ತದೆ. ಅದರ ಮೇಲೆ ಯಾವ ಕಲ್ಲು ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಬಣ್ಣ ತುಂಬಬೇಕು. ಕೇಳಲು ಸುಲಭ. ಆದರೆ ಕಲ್ಲು ಎಲ್ಲ ಕಡೆ ಕಾಣುವುದಿಲ್ಲ ಅಲ್ವಾ? ಧಾರವಾಡ, ಗದಗ ಸೀಮೆಯ ಎರೆ ಹೊಲದಲ್ಲಿ ನಿಂತರೆ ಕಣ್ಣು ಹಾಯುವವರೆಗೆ ಕಪ್ಪು ಮಣ್ಣೇ. ಕೆಳಗೆ ಯಾವ ಕಲ್ಲು ಅಂತ ತಿಳಿಯಬೇಕಾದರೆ ಹಳ್ಳದ ದಡ ನೋಡಬೇಕು, ಬಾವಿ ತೋಡಿ ಹೊರಗೆ ಹಾಕಿದ ಕಲ್ಲು ನೋಡಬೇಕು, ದಿಣ್ಣೆ ಹತ್ತಬೇಕು. ಒಂದು ಕಡೆ ಕಪ್ಪು ಹಸಿರು ಪದರಗಲ್ಲು ಸಿಕ್ಕಿತು, ಎರಡು ಮೈಲಿ ಆಚೆ ಗ್ರಾನೈಟಿನ ಹಾಗಿರುವ ಪಟ್ಟೆ ಪಟ್ಟೆ ಕಲ್ಲು ಸಿಕ್ಕಿತು. ಇವೆರಡರ ನಡುವಿನ ಗಡಿ ಎಲ್ಲಿ? ಕಂಡಲ್ಲಿ ಗಟ್ಟಿ ಗೆರೆ, ಊಹೆ ಮಾಡಿದಲ್ಲಿ ಚುಕ್ಕಿ ಗೆರೆ. ಗಟ್ಟಿ ಗೆರೆಗೂ ಚುಕ್ಕಿ ಗೆರೆಗೂ ಇರುವ ವ್ಯತ್ಯಾಸವೇ ನಕ್ಷೆ ಮಾಡುವವನ ಪ್ರಾಮಾಣಿಕತೆ ಅಂತ ನಾನು ತಿಳಿದಿದ್ದೇನೆ.

ಆಗ ದೇಶದ ದೊಡ್ಡ ಭಾಗಕ್ಕೆ ಸಿಗುತ್ತಿದ್ದದ್ದು ಇಂಡಿಯನ್ ಅಟ್ಲಾಸ್ ಹಾಳೆಗಳು. ಅವುಗಳಲ್ಲಿ ಒಂದು ಅಂಗುಲಕ್ಕೆ 4 ಮೈಲಿ. ಲೆಕ್ಕ ಹಾಕಿ ನೋಡಿ. ಆ ಹಾಳೆಯ ಮೇಲೆ 1 ಮಿಲಿಮೀಟರ್ ದಪ್ಪದ ಗೆರೆ ಎಳೆದರೆ ಅದು ನೆಲದ ಮೇಲೆ ಸುಮಾರು 250 ಮೀಟರ್ ಅಗಲ. ಅಂದರೆ ಮೊಂಡು ಪೆನ್ಸಿಲಿನ ಒಂದು ಗೆರೆಯೊಳಗೆ ಒಂದು ಪೂರ್ತಿ ಹಳ್ಳಿ ಮುಚ್ಚಿಹೋಗುತ್ತದೆ. ಇವತ್ತು ನಮ್ಮ ಸರ್ವೇಕ್ಷಣೆಯವರು ಮಾಡುವ ಸಾಮಾನ್ಯ ನಕ್ಷೆ 1:50,000 ಪ್ರಮಾಣದ್ದು, ಅಲ್ಲಿ ಅದೇ ಗೆರೆ 50 ಮೀಟರ್. ಹಾಗಾಗಿ ಫೂಟ್‌ನ ನಕ್ಷೆಯ ಗೆರೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲಿಟ್ಟು "ನೋಡಿ ಇಲ್ಲಿ ತಪ್ಪಿದ್ದಾನೆ" ಅನ್ನುವುದು ಅನ್ಯಾಯ. ಗೆರೆ ಅಷ್ಟು ನಿಖರ ಇರಲು ಸಾಧ್ಯವೇ ಇರಲಿಲ್ಲ. ಅದಕ್ಕೇ ಗೆರೆಯ ಜೊತೆಗೆ ಬರಹ ಇರುತ್ತಿತ್ತು. ಯಾವ ಊರಿನಿಂದ ಯಾವ ದಿಕ್ಕಿಗೆ ಎಷ್ಟು ಮೈಲಿ, ಯಾವ ಹಳ್ಳದ ಯಾವ ದಡ, ಪದರ ಯಾವ ಕಡೆ ವಾಲಿದೆ. ನಕ್ಷೆಯ ಗೆರೆಗಿಂತ ಆ ಬರಹವೇ ಜಾಗವನ್ನು ಜಾಸ್ತಿ ಸರಿಯಾಗಿ ಹೇಳುತ್ತದೆ.

ಚಳಿಗಾಲ ಬಂದರೆ ಡೇರೆ, ಬಂಡಿ, ಆಳುಗಳ ಜೊತೆ ಹೊರಡುವುದು. ಬಿಸಿಲು ಏರಿದ ಮೇಲೆ ವಾಪಸ್ ಹೋಗಿ ಬರೆಯುವುದು. ಹೀಗೆ ಮೂವತ್ತು ವರ್ಷದ ಮೇಲೆ. ಜೊತೆಗೆ ನಡೆದ ಬಂಡಿಯವರು, ದಾರಿ ತೋರಿಸಿದ ಹಳ್ಳಿಗರು, ಕಲ್ಲು ಹೊತ್ತವರು, ಇವರ ಹೆಸರು ನಕ್ಷೆಯ ಮೂಲೆಯಲ್ಲಿ ಇಲ್ಲ. ಇದು ನನಗೆ ಪ್ರತಿಸಲ ಚುಚ್ಚುತ್ತದೆ. ಕಪ್ಪತಗುಡ್ಡದ ಸುತ್ತ ಹಳ್ಳದ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ಜಾಲಗಾರರು ಇದ್ದರು. ಯಾವ ಹಳ್ಳದಲ್ಲಿ ಚಿನ್ನದ ಪುಡಿ ಸಿಗುತ್ತದೆ, ಯಾವುದರಲ್ಲಿ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಅದು ಕೂಡ ಒಂದು ನಕ್ಷೆಯೇ, ಬಾಯಲ್ಲಿ ಇದ್ದ ನಕ್ಷೆ. 1874ರಲ್ಲಿ ಫೂಟ್ ಡಂಬಳದ ಗುಡ್ಡಗಳ ಚಿನ್ನದ ಕಲ್ಲುಗಳ ಬಗ್ಗೆ ಬರೆದಾಗ ಆ ತಿಳಿವಳಿಕೆ ಕಾಗದಕ್ಕೆ ಬರುವ ದಾರಿ ಸಿಕ್ಕಿತು.

ಗುಂಡಿಯಲ್ಲಿ ಸಿಕ್ಕ ಕಲ್ಲು

1863ರ ಮೇ 30. ಮದ್ರಾಸಿನ ಹತ್ತಿರ ಪಲ್ಲಾವರಂ, ಸೈನ್ಯದ ಕವಾಯತು ಮೈದಾನ. ಅಲ್ಲಿ ಜಲ್ಲಿಗಾಗಿ ತೋಡಿದ ಒಂದು ಸಣ್ಣ ಗುಂಡಿ. ಫೂಟ್ ಅದರಲ್ಲಿ ಮನುಷ್ಯನ ಕೈಯಿಂದ ಕೆತ್ತಿದ ಒಂದು ಕಲ್ಲು ಗುರುತಿಸಿದ. ಭಾರತದಲ್ಲಿ ಹಳೆ ಶಿಲಾಯುಗದ ಮನುಷ್ಯ ಇದ್ದ ಅನ್ನುವುದಕ್ಕೆ ಅದು ಮೊದಲ ಗುರುತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಮದ್ರಾಸ್ ಕಡೆಯದೇ ಆದ ಅತ್ತಿರಂಪಾಕ್ಕಂನಲ್ಲಿ ಇಂಥವೇ ಇನ್ನಷ್ಟು ಸಿಕ್ಕವು.

ನಾಲ್ಕೇ ವರ್ಷದ ಹಿಂದೆ, 1859ರಲ್ಲಿ, ಫ್ರಾನ್ಸಿನ ಸೋಮ್ ನದಿಯ ಜಲ್ಲಿಯಲ್ಲಿ ಸಿಕ್ಕ ಇಂಥ ಕಲ್ಲುಗಳು ನಿಜಕ್ಕೂ ಮನುಷ್ಯನವೇ ಅಂತ ಇಂಗ್ಲೆಂಡಿನ ಪ್ರೆಸ್ಟ್‌ವಿಚ್ ಮತ್ತು ಇವಾನ್ಸ್ ಒಪ್ಪಿಕೊಂಡಿದ್ದರು. ಆ ವಿಷಯ ಫೂಟ್‌ಗೆ ಗೊತ್ತಿತ್ತು, ಹಾಗಾಗಿ ಕಣ್ಣು ಸಿದ್ಧವಾಗಿತ್ತು. ಆದರೆ ನನಗೆ ಜಾಸ್ತಿ ಮುಖ್ಯ ಅನಿಸುವುದು ಬೇರೆ. ಆತ ಕಲ್ಲನ್ನು ಜೇಬಿಗೆ ಹಾಕಿಕೊಂಡು ಹೋಗಲಿಲ್ಲ. ಯಾವ ಪದರದಿಂದ ಬಂತು, ಆ ಪದರ ಯಾವ ಮಣ್ಣಿನದು, ಅದರ ಮೇಲೇನು ಕೆಳಗೇನು ಅಂತ ಒಬ್ಬ ಭೂವಿಜ್ಞಾನಿ ಕೇಳುವ ಪ್ರಶ್ನೆಗಳನ್ನೇ ಕೇಳಿದ. ಸುಂದರವಾದ ಕಲ್ಲು ಕೂಡಿಡುವವನಿಗೆ ಕಲ್ಲು ಸಾಕು. ನಕ್ಷೆ ಮಾಡುವವನಿಗೆ ಕಲ್ಲಿಗಿಂತ ಅದು ಕೂತಿದ್ದ ಜಾಗ ಮುಖ್ಯ.

ಅದರ ಫಲ ಸಿಕ್ಕಿದ್ದು ತುಂಬಾ ತಡವಾಗಿ. ಅತ್ತಿರಂಪಾಕ್ಕಂ ಎಲ್ಲಿದೆ ಅಂತ ಬರೆದಿಟ್ಟಿದ್ದರಿಂದ ಆಮೇಲಿನವರು ಅಲ್ಲಿಗೆ ಮತ್ತೆ ಮತ್ತೆ ಹೋದರು. ಶಾಂತಿ ಪಪ್ಪು ಮತ್ತು ಅವರ ತಂಡ ಅಲ್ಲಿ ಅಗೆದು, 2011ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಕೆಳಪದರದ ಉಪಕರಣಗಳಿಗೆ ಸುಮಾರು 15 ಲಕ್ಷ ವರ್ಷ ಅಂತ ಬಂತು. ಫೂಟ್ ಕಾಲದಲ್ಲಿ ಅಷ್ಟು ದೊಡ್ಡ ಸಂಖ್ಯೆಯನ್ನು ಅಳೆಯುವ ಉಪಾಯವೇ ಇರಲಿಲ್ಲ. ಆತನ ಕೈಲಿ ಇದ್ದದ್ದು ಜಾಗ ಮತ್ತು ಪದರ, ಎರಡನ್ನೂ ಸರಿಯಾಗಿ ಬಿಟ್ಟುಹೋದ.

ನಮ್ಮ ಕಡೆಗೂ ಅದೇ ಅಭ್ಯಾಸ ಬಂತು. ಬೆಳಗಾವಿ, ಬಾಗಲಕೋಟೆ, ಧಾರವಾಡ ಸೀಮೆಯಲ್ಲಿ ಮಾಡಿದ ಕೆಲಸ 1876ರಲ್ಲಿ ದೊಡ್ಡ ವರದಿಯಾಗಿ ಬಂತು. ಬಾದಾಮಿಯ ಕೆಂಪು ಮರಳುಗಲ್ಲನ್ನು ಒಳಗೊಂಡ ಕಲ್ಲುಗಳ ಗುಂಪಿಗೆ ಕಲಾದಗಿ ಅಂತ ಹೆಸರು ಬಿದ್ದದ್ದು ಆ ಕೆಲಸದಿಂದ. ಮಲಪ್ರಭೆ, ಘಟಪ್ರಭೆಯ ದಡದ ಜಲ್ಲಿಯಲ್ಲಿ ಹಳೆ ಶಿಲಾಯುಗದ ಉಪಕರಣ ಸಿಗುತ್ತವೆ ಅಂತ ಬರೆದ. ಗೋಕಾಕದ ಹತ್ತಿರ ಹೊಳೆಯ ಹಳೆ ಮಣ್ಣಿನಲ್ಲಿ ಖಡ್ಗಮೃಗದ ಪಳೆಯುಳಿಕೆ ಸಿಕ್ಕಿತು, ಅದಕ್ಕೆ 1874ರಲ್ಲಿ ದಖ್ಖನ್ನಿನ ಹೆಸರಿಟ್ಟ. ಗೋಕಾಕದಲ್ಲಿ ಖಡ್ಗಮೃಗ! ಜಲಪಾತ ನೋಡಿ, ಕರದಂಟು ಕಟ್ಟಿಸಿಕೊಂಡು ಬರುವ ನಮಗೆ ಈ ವಿಷಯ ಶಾಲೆಯಲ್ಲಿ ಯಾರೂ ಹೇಳಲಿಲ್ಲ.

ಧಾರವಾಡ ಅನ್ನುವ ಹೆಸರು ಮತ್ತು ಒಂದು ಉರುಟು ಕಲ್ಲಿನ ಜಗಳ

ಈ ಪ್ರಕರಣದ ಹೊಟ್ಟೆ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲೆಲ್ಲ ದಕ್ಷಿಣದ ಹಳೆ ಕಲ್ಲುಗಳನ್ನು ಒಂದೇ ದೊಡ್ಡ ಗುಂಪಿಗೆ ಹಾಕುತ್ತಿದ್ದರು. ಪಟ್ಟೆಗಲ್ಲು, ಅಂದರೆ ನೈಸ್, ಅದರ ನಡುವೆ ಅಲ್ಲಲ್ಲಿ ಪದರಗಲ್ಲು, ಎಲ್ಲ ಒಂದೇ ಅಂತ. ಫೂಟ್ 1880ರ ದಶಕದಲ್ಲಿ ಮೈಸೂರಿನ ಚಿನ್ನದ ಸೀಮೆಗಳನ್ನು ಅಡ್ಡ ಹಾಯ್ದು ನೋಡಿದ, ಬಳ್ಳಾರಿ ಮತ್ತು ಅನಂತಪುರ ಕಡೆ ನಕ್ಷೆ ಮಾಡಿದ. ಹಾಗೆ ಮಾಡುತ್ತ ಮಾಡುತ್ತ ಒಂದು ವಿಷಯ ಕಣ್ಣಿಗೆ ಬಿತ್ತು. ಈ ಕಪ್ಪು ಹಸಿರು ಪದರಗಲ್ಲುಗಳು ಎಲ್ಲೆಂದರಲ್ಲಿ ಚೆಲ್ಲಿಲ್ಲ. ಉದ್ದುದ್ದ ಪಟ್ಟಿಗಳಾಗಿ, ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ, ಹೆಚ್ಚು ಕಡಿಮೆ ಒಂದರ ಪಕ್ಕ ಒಂದು ಮಲಗಿವೆ. ಒಂದು ಪಟ್ಟಿಗೆ ಆತ ಡಂಬಳ–ಚಿಕ್ಕನಾಯಕನಹಳ್ಳಿ ಪಟ್ಟಿ ಅಂತಲೇ ಹೆಸರಿಟ್ಟ. ಗದಗ ಜಿಲ್ಲೆಯ ಡಂಬಳ ಎಲ್ಲಿ, ತುಮಕೂರಿನ ಚಿಕ್ಕನಾಯಕನಹಳ್ಳಿ ಎಲ್ಲಿ! ನೆಲದ ಮೇಲೆ ನಡೆಯುವವನಿಗೆ ಇವೆರಡು ಒಂದೇ ಕಲ್ಲಿನ ಎರಡು ತುದಿ ಅಂತ ಹೊಳೆಯುವುದೇ ಇಲ್ಲ. ಹಾಳೆಯ ಮೇಲೆ ಬಣ್ಣ ತುಂಬಿದಾಗ ಮಾತ್ರ ಕಾಣುತ್ತದೆ. ಚಿನ್ನ ಸಿಗುವ ಜಾಗಗಳೂ ಬಹುಪಾಲು ಈ ಪಟ್ಟಿಗಳ ಮೇಲೇ ಕೂತಿದ್ದವು.

1888ರಲ್ಲಿ ಆತ ಬರೆದ ಲೇಖನದ ತಲೆಬರಹದ ಅರ್ಥವೇ "ಧಾರವಾಡ ವ್ಯವಸ್ಥೆ, ದಕ್ಷಿಣ ಭಾರತದ ಮುಖ್ಯ ಚಿನ್ನದ ಕಲ್ಲುಗಳ ಸರಣಿ" ಅಂತ. ಇವತ್ತು ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿಯನ್ನು ಕೇಳಿದರೂ ಧಾರವಾಡ ಗೊತ್ತು. ಪೇಡಾದಿಂದಲ್ಲ, ಸಂಗೀತದಿಂದಲೂ ಅಲ್ಲ, ಈ ಹೆಸರಿನಿಂದ. ಧಾರವಾಡ ಕ್ರೇಟನ್ ಅಂದರೆ ಭೂಮಿಯ ಹಳೆಯ ಗಟ್ಟಿ ತುಂಡುಗಳಲ್ಲಿ ಒಂದು. ಕೋಲಾರದ ಚಿನ್ನ, ಹಟ್ಟಿಯ ಚಿನ್ನ, ಸಂಡೂರಿನ ಕಬ್ಬಿಣ, ಬಾಬಾಬುಡನ್‌ಗಿರಿಯ ಕಬ್ಬಿಣ, ಎಲ್ಲ ಇಂಥ ಪದರಗಲ್ಲಿನ ಪಟ್ಟಿಗಳಲ್ಲೇ ಇವೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಹಟ್ಟಿ ಇನ್ನೂ ನಡೆಯುತ್ತಿದೆ.

ಇನ್ನು ಜಗಳಕ್ಕೆ ಬರುತ್ತೇನೆ. ಧಾರವಾಡ ಕಲ್ಲು ಮೊದಲೋ, ನೈಸ್ ಮೊದಲೋ? ಫೂಟ್ ಹೇಳಿದ್ದು ನೈಸ್ ಹಳೆಯದು, ಅದು ಸವೆದು ನೆಲವಾದ ಮೇಲೆ ಅದರ ಮೇಲೆ ಧಾರವಾಡದ ಪದರಗಳು ಕೂತವು ಅಂತ. ಇಲ್ಲಿ ಕಾಂಗ್ಲೊಮರೇಟ್ ಅನ್ನುವ ಕಲ್ಲು ಮುಖ್ಯ ಸಾಕ್ಷಿ. ಅದನ್ನು ಹತ್ತಿರದಿಂದ ನೋಡಿದರೆ ಮಣ್ಣಿನ ಗೋಡೆಯಲ್ಲಿ ಉರುಟು ಕಲ್ಲು ಸೇರಿಸಿ ಕಟ್ಟಿದ ಹಾಗೆ ಕಾಣುತ್ತದೆ. ಹೊಳೆಯಲ್ಲಿ ಉರುಳಿ ನುಣುಪಾದ ಕಲ್ಲುಗಳು ಒಂದು ಕಡೆ ಸೇರಿ, ಮೇಲೆ ಮರಳು ತುಂಬಿ, ಗಟ್ಟಿಯಾದದ್ದು. ಆ ಉರುಟು ಕಲ್ಲು ಗ್ರಾನೈಟಿನದಾದರೆ? ಈ ಪದರ ಹುಟ್ಟುವ ಮೊದಲೇ ಎಲ್ಲೋ ಗ್ರಾನೈಟ್ ಇರಲೇಬೇಕು. ಮಗನ ಮದುವೆ ಫೋಟೋದಲ್ಲಿ ಅಜ್ಜ ಕೂತಿದ್ದರೆ ಅಜ್ಜ ಮೊದಲು ಹುಟ್ಟಿದ್ದ ಅಂತ ಬೇರೆ ಹೇಳಬೇಕೇ?

ಆದರೆ ಆತನ ನಂತರ ಮೈಸೂರಿನ ಇಲಾಖೆ ನಡೆಸಿದ ಡಬ್ಲ್ಯೂ. ಎಫ್. ಸ್ಮೀತ್ ಇದನ್ನು ಒಪ್ಪಲಿಲ್ಲ. 1915ರ ಹೊತ್ತಿಗೆ ಸ್ಮೀತ್ ಇಡೀ ಮೈಸೂರು ಸಂಸ್ಥಾನದ ನಕ್ಷೆ ತಂದಿದ್ದರು. ಅದೂ ಬಹಳ ದೊಡ್ಡ ಕೆಲಸ, ಚಿಕ್ಕದು ಮಾಡಿ ಹೇಳುವ ಹಾಗಿಲ್ಲ. ಅವರ ಪ್ರಕಾರ ಧಾರವಾಡ ಕಲ್ಲೆಲ್ಲ ಬೆಂಕಿಯಿಂದಲೇ ಬಂದದ್ದು, ಅಂದರೆ ಕರಗಿದ ಕಲ್ಲು ಆರಿ ಗಟ್ಟಿಯಾದದ್ದು, ಹೊಳೆಯ ಮಾತೇ ಇಲ್ಲ. ಉರುಟು ಕಲ್ಲುಗಳು? ನೆಲದೊಳಗಿನ ಒತ್ತಡದಲ್ಲಿ ಕಲ್ಲು ಮುರಿದು, ತಿಕ್ಕಿ, ದುಂಡಗಾದ ಚೂರುಗಳು ಅಂತ. ನೈಸ್ ಆಮೇಲೆ ಕೆಳಗಿನಿಂದ ನುಗ್ಗಿದ್ದು, ಹಾಗಾಗಿ ಧಾರವಾಡವೇ ಹಳೆಯದು. ಈ ಮಾತು ಮೈಸೂರಿನಲ್ಲಿ ಬಹುಕಾಲ ನಡೆಯಿತು.

ಆಮೇಲೆ ಬಿ. ರಾಮರಾವ್ ಬಂದರು. ನಮ್ಮವರೇ. 1940ರಲ್ಲಿ ಅವರು ಮೈಸೂರಿನ ಹಳೆ ಕಲ್ಲುಗಳ ಮೇಲೆ ಬರೆದ ಪುಸ್ತಿಕೆಯಲ್ಲಿ ಹೊಳೆ, ಅಲೆ, ಕೆಸರು ಬಿಟ್ಟ ಗುರುತುಗಳು ಧಾರವಾಡ ಕಲ್ಲಿನಲ್ಲಿ ಇವೆ ಅನ್ನುವುದನ್ನು ಮತ್ತೆ ಮುಂದೆ ತಂದರು. ಅಲೆಯ ಗೆರೆ ಬೆಂಕಿ ಕಲ್ಲಿನಲ್ಲಿ ಮೂಡುವುದಿಲ್ಲ. 1970ರ ದಶಕದಲ್ಲಿ ಸ್ವಾಮಿನಾಥ್, ರಾಮಕೃಷ್ಣನ್ ಮತ್ತು ಜೊತೆಯವರು ಇನ್ನೂ ವಿವರವಾಗಿ ನಕ್ಷೆ ಮಾಡಿದಾಗ ಗಂಟು ಬಿಚ್ಚಿತು. ಪದರಗಲ್ಲು ಒಂದಲ್ಲ, ಎರಡು ಕಾಲದ್ದು. ನೈಸ್‌ಗಿಂತ ಹಳೆಯ ಚೂರುಗಳು ಕೆಲವು, ಅವಕ್ಕೆ ಸರಗೂರು ಅಂತ ಹೆಸರಾಯಿತು. ನೈಸ್ ಆದ ಮೇಲೆ ಅದರ ಮೇಲೆ ಕೂತದ್ದು ನಿಜವಾದ ಧಾರವಾಡ, ತಳದಲ್ಲಿ ಅದೇ ಉರುಟು ಕಲ್ಲಿನ ಪದರ ಇಟ್ಟುಕೊಂಡು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಆ ನೈಸ್, ಸುಮಾರು 300 ಕೋಟಿ ವರ್ಷದ್ದು. ಧಾರವಾಡದ ಪದರಗಳು ಅದಕ್ಕಿಂತ ಈಚಿನವು, ಸುಮಾರು 290ರಿಂದ 260 ಕೋಟಿ ವರ್ಷದವು.

ಹಾಗಾದರೆ ಫೂಟ್ ಗೆದ್ದನೇ? ಪಶ್ಚಿಮದ ಪಟ್ಟಿಗಳ ವಿಷಯದಲ್ಲಿ ಹೌದು. ಪೂರ್ವದ ಕೋಲಾರ ಕಡೆ ಪದರಗಲ್ಲಿನೊಳಕ್ಕೆ ಗ್ರಾನೈಟ್ ಆಮೇಲೆ ನುಗ್ಗಿರುವುದೂ ಇದೆ, ಅಲ್ಲಿ ಸ್ಮೀತ್ ಕಂಡದ್ದು ಸುಳ್ಳಲ್ಲ. ಇಬ್ಬರೂ ತಾವು ನಿಂತ ಜಾಗದಲ್ಲಿ ಕಂಡದ್ದನ್ನೇ ಬರೆದಿದ್ದರು, ಅದನ್ನು ಇಡೀ ನಾಡಿಗೆ ಹಿಗ್ಗಿಸಿದಾಗ ಎಡವಟ್ಟಾಯಿತು. ಇದು ಬಿಡಿಸಲು ಸಾಧ್ಯವಾದದ್ದು ಯಾಕೆ ಗೊತ್ತಾ? ಯಾವ ಗುಡ್ಡ, ಯಾವ ಹಳ್ಳ, ಯಾವ ಪದರ ಅಂತ ಇಬ್ಬರೂ ಬರೆದಿದ್ದರು. ಅಭಿಪ್ರಾಯ ಮಾತ್ರ ಬಿಟ್ಟುಹೋಗಿದ್ದರೆ ಮೊಮ್ಮಕ್ಕಳ ಕಾಲದಲ್ಲೂ ಬರೀ ವಾದವೇ ಉಳಿಯುತ್ತಿತ್ತು. ಜಾಗ ಬಿಟ್ಟುಹೋದದ್ದರಿಂದ ಹೋಗಿ ನೋಡಲು ಆಯಿತು.

ಕೊಡಲಿ ಕಾರ್ಖಾನೆ, ಬೂದಿಗುಡ್ಡ

ಬಳ್ಳಾರಿ ಪಕ್ಕದ ಸಂಗನಕಲ್ಲು ಮತ್ತು ಕಪ್ಪಗಲ್ಲು ಗುಡ್ಡಗಳಿಗೆ ಹೋದವರಿಗೆ ಗೊತ್ತು, ಗ್ರಾನೈಟ್ ಗುಂಡುಗಳು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಇರುತ್ತವೆ. ನಡುವೆ ಒಂದು ಕಪ್ಪು ಗೆರೆ ಗುಡ್ಡವನ್ನು ಸೀಳಿಕೊಂಡು ಹೋಗುತ್ತದೆ. ಅದು ಡಾಲರೈಟ್, ಗ್ರಾನೈಟಿನ ಬಿರುಕಿನಲ್ಲಿ ಕರಗಿದ ಕಲ್ಲು ಏರಿ ಗಟ್ಟಿಯಾದದ್ದು. ಸುತ್ತಿಗೆಯಿಂದ ಹೊಡೆದರೆ ಗಂಟೆಯ ಹಾಗೆ ಸದ್ದು. ಗಟ್ಟಿ, ಸಣ್ಣ ಕಣದ್ದು, ಉಜ್ಜಿದರೆ ನುಣುಪು. ಹೊಸ ಶಿಲಾಯುಗದವರ ಕೊಡಲಿಗೆ ಹೇಳಿ ಮಾಡಿಸಿದ ಕಲ್ಲು.

ಫೂಟ್ 1887ರಲ್ಲಿ ಇಲ್ಲಿಯ ಕೊಡಲಿ ಮಾಡುವ ಜಾಗದ ಬಗ್ಗೆ ಬರೆದ. ಅರ್ಧ ಕೆತ್ತಿದವು, ಮುರಿದವು, ಚಕ್ಕೆಗಳು ರಾಶಿ ರಾಶಿ. ಬರೀ ಪುರಾತತ್ವದವನಾಗಿದ್ದರೆ ಕೊಡಲಿ ನೋಡುತ್ತಿದ್ದ. ಭೂವಿಜ್ಞಾನಿಯಾದ್ದರಿಂದ ಕಲ್ಲು ಎಲ್ಲಿಂದ ಬಂತು ಅನ್ನುವುದೂ ಜೊತೆಗೇ ಕಾಣುತ್ತದೆ. ಗ್ರಾನೈಟ್ ಗುಡ್ಡಗಳನ್ನೇ ಹುಡುಕಿ ಹೊಸ ಶಿಲಾಯುಗದವರು ವಾಸ ಮಾಡುತ್ತಿದ್ದರು ಅನ್ನುವ ಗುರುತೂ ಆತ ಹಿಡಿದದ್ದು ಹೀಗೆಯೇ, ಕಲ್ಲಿನ ನಕ್ಷೆಯ ಮೇಲೆ ಮನುಷ್ಯನ ಜಾಗಗಳನ್ನು ಇಟ್ಟಾಗ. 1940ರ ದಶಕದಲ್ಲಿ ಬೆಂಡಪೂಡಿ ಸುಬ್ಬರಾವ್ ಸಂಗನಕಲ್ಲಿನಲ್ಲಿ ಅಗೆದರು. ಈಚೆಗೆ ಧಾರವಾಡದ ರವಿ ಕೋರಿಶೆಟ್ಟರ್, ನಿಕೋಲ್ ಬೋಯ್ವಿನ್, ಡೋರಿಯನ್ ಫುಲ್ಲರ್ ಮತ್ತು ಜೊತೆಯವರು ಅಲ್ಲಿಯದೇ ಹಿರೇಗುಡ್ಡದಲ್ಲಿ ಮಾಡಿದ ಕೆಲಸ ಆ ಕೊಡಲಿ ಕಾರ್ಖಾನೆಯನ್ನು ವಿವರವಾಗಿ ಬಿಡಿಸಿಟ್ಟಿತು. ನೂರು ವರ್ಷದ ಮೇಲೂ ಎಲ್ಲಿ ಅಗೆಯಬೇಕು ಅನ್ನುವ ಪ್ರಶ್ನೆಗೆ ಹಳೆ ಟಿಪ್ಪಣಿ ಉತ್ತರ ಕೊಟ್ಟಿತು.

ಬೂದಿಗುಡ್ಡಗಳ ಕತೆ ಇನ್ನೂ ಚೆನ್ನಾಗಿದೆ. ಹಂಪಿಯ ಹತ್ತಿರ ನಿಂಬಾಪುರದ ಬೂದಿಯನ್ನು ಜನ ಇವತ್ತಿಗೂ ವಾಲಿಯ ಚಿತೆ ಅನ್ನುತ್ತಾರೆ. ರಾಮನ ಬಾಣಕ್ಕೆ ಬಿದ್ದವನ ಬೂದಿ ಅಷ್ಟು ದೊಡ್ಡದಾಗಿರದೆ ಇನ್ನೇನು! ಫೂಟ್‌ಗಿಂತ ಮೊದಲೇ, 1843ರಲ್ಲಿ, ನ್ಯೂಬೋಲ್ಡ್ ಅನ್ನುವ ಸೈನ್ಯಾಧಿಕಾರಿ ಈ ಗುಡ್ಡಗಳ ಬಗ್ಗೆ ಬರೆದಿದ್ದ. ಕೆಲವರು ಇವು ಜ್ವಾಲಾಮುಖಿ ಬೂದಿ ಅಂದರು, ಕೆಲವರು ಸತಿ ಹೋದವರ ಬೂದಿ ಅಂದರು. ಫೂಟ್ ಅವುಗಳ ಹತ್ತಿರ ಸಿಗುವ ಕಲ್ಲಿನ ಕೊಡಲಿ, ಮಡಕೆ ಚೂರು, ದನದ ಮೂಳೆ ನೋಡಿ, ಇದು ಹೊಸ ಶಿಲಾಯುಗದ ದನಗಾರರ ಹಟ್ಟಿಯ ಸಗಣಿ ಸುಟ್ಟ ಬೂದಿ ಅಂದ. 1957ರಲ್ಲಿ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉತ್ನೂರಿನ ಬೂದಿಗುಡ್ಡ ಅಗೆದಾಗ ಪದರಗಳ ನಡುವೆ ಮರದ ಕಂಬ ನೆಟ್ಟ ಗುಂಡಿಗಳು, ಬೂದಿಯ ಮೇಲೆ ದನದ ಗೊರಸಿನ ಗುರುತು ಸಿಕ್ಕವು. ಗೊರಸಿನ ಗುರುತು! ಸಾವಿರಾರು ವರ್ಷದ ಹಿಂದೆ ಯಾವುದೋ ಆಕಳು ಹಟ್ಟಿಯಲ್ಲಿ ಕಾಲಿಟ್ಟ ಜಾಗ. ಫೂಟ್ ಹೇಳಿದ್ದು ನಿಂತಿತು.

ಹೆಸರಿನ ಗೊಂದಲ

ಇಷ್ಟೆಲ್ಲ ಹೊಗಳಿದ ಮೇಲೆ ತೊಂದರೆ ಇರುವಲ್ಲಿ ತೊಂದರೆಯನ್ನೂ ಹೇಳಬೇಕು. ಫೂಟ್ ತಾನು ಕೂಡಿಸಿದ ಸಾವಿರಾರು ಕಲ್ಲು, ಮಡಕೆ ಚೂರುಗಳಿಗೆ ನಂಬರು ಕೊಟ್ಟು, ಜಾಗ ಬರೆದು, ಕೊನೆಗೆ ಮದ್ರಾಸಿನ ಸರ್ಕಾರಿ ಮ್ಯೂಸಿಯಮ್ಮಿಗೆ ಮಾರಿದ. ಆ ಪಟ್ಟಿ ಮತ್ತು ಟಿಪ್ಪಣಿಗಳು ಪುಸ್ತಕವಾಗಿ ಹೊರಬಂದದ್ದು ಆತ ಸತ್ತ ಮೇಲೆ, 1914 ಮತ್ತು 1916ರಲ್ಲಿ. ಇದನ್ನು ಈಗಿನ ಕಂಪ್ಯೂಟರ್ ನಕ್ಷೆಗೆ ಏರಿಸಬೇಕು ಅಂದುಕೊಳ್ಳಿ. ಅಕ್ಷಾಂಶ ರೇಖಾಂಶ ಇಲ್ಲ. ಊರ ಹೆಸರು ಇದೆ, ಅದೂ ಇಂಗ್ಲಿಷ್ ಕಿವಿಗೆ ಕೇಳಿದ ಹಾಗೆ ಬರೆದದ್ದು. ಕಪ್ಪಗಲ್ಲು ಆಮೇಲಿನ ಬರಹಗಳಲ್ಲಿ ಕುಪ್ಗಲ್ ಆಗಿದೆ. ಬೂದಿಕನಮ ನೋಡಿ. ತೆಲುಗಿನಲ್ಲಿ ಕನುಮ ಅಂದರೆ ಕಣಿವೆ. ಬೂದಿ ಕನ್ನಡದ್ದೋ ತೆಲುಗಿನದೋ, ಎರಡರದ್ದೂ. ಬಳ್ಳಾರಿಯವನಿಗೆ ಕೇಳಿದ ತಕ್ಷಣ "ಬೂದಿ ಕಣಿವೆ" ಅಂತ ತಿಳಿಯುತ್ತದೆ, ರಸ್ತೆ ಎರಡು ಗುಡ್ಡದ ನಡುವೆ ಹಾಯುವ ಜಾಗ ಹುಡುಕಿದರೆ ಬೂದಿಗುಡ್ಡ ಸಿಗುತ್ತದೆ. ಯಾವ ತಂತ್ರಾಂಶವೂ ಈ ಕೆಲಸ ಮಾಡಿಕೊಡುವುದಿಲ್ಲ. ಭಾಷೆ ಗೊತ್ತಿರುವ ಕಿವಿ ಬೇಕು.

ಒಂದೇ ಹೆಸರಿನ ಊರು ತಾಲೂಕಿಗೆ ಎರಡು ಇರುತ್ತವೆ. ಹಿರೇ, ಚಿಕ್ಕ ಸೇರಿಸದೆ ಬರೆದಿದ್ದರೆ ಯಾವುದು ಅಂತ ಗೊತ್ತಾಗುವುದಿಲ್ಲ. ತುಂಗಭದ್ರೆ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಹಳ್ಳಿಗಳಿವೆ, ಜಾಗ ಬಿಟ್ಟು ಆಚೆ ಹೋಗಿ ಅದೇ ಹೆಸರಿನಲ್ಲಿ ಮತ್ತೆ ಕಟ್ಟಿಕೊಂಡ ಊರುಗಳಿವೆ. ಊರು ಸರಿದರೆ "ಊರಿನಿಂದ ಪೂರ್ವಕ್ಕೆ ಒಂದು ಮೈಲಿ" ಅನ್ನುವ ವಿಳಾಸವೂ ಸರಿಯುತ್ತದೆ. ಹಾಗಾಗಿ ಒಂದೊಂದು ನಮೂದನ್ನೂ ಎಷ್ಟು ನಂಬಬಹುದು ಅಂತ ಪಕ್ಕದಲ್ಲಿ ಬರೆಯಲೇಬೇಕು. ಇಷ್ಟು ಮೀಟರ್ ಆಚೀಚೆ ಇರಬಹುದು, ಊರು ಖಚಿತ, ಗುಡ್ಡ ಖಚಿತವಲ್ಲ, ಹೀಗೆ. ಚುಕ್ಕಿ ಗೆರೆ ಎಳೆದವನ ಪ್ರಾಮಾಣಿಕತೆ ಇಲ್ಲೂ ಬೇಕು. ಅಂದಾಜಿನ ಜಾಗಕ್ಕೆ ಆರು ದಶಾಂಶದ ರೇಖಾಂಶ ಹಾಕಿಟ್ಟರೆ ಮುಂದೆ ಬರುವವರನ್ನು ಮೋಸ ಮಾಡಿದ ಹಾಗೆ.

ಇದು ಈಗಲೇ ಆಗಬೇಕು ಅಂತ ನನಗೆ ತಳಮಳ. ಬೂದಿಗುಡ್ಡದ ಬೂದಿ ಹೊಲಕ್ಕೆ ಗೊಬ್ಬರ ಅಂತ ಬಂಡಿಗಟ್ಟಲೆ ಹೋಗಿದೆ. ರೈತರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಅವರಿಗೆ ಅದು ಏನು ಅಂತ ಯಾರಾದರೂ ಹೇಳಿದ್ದರೆ ತಾನೇ. ಗ್ರಾನೈಟ್ ಗುಡ್ಡಗಳಿಗೆ ಕ್ವಾರಿ ಬಂದಿದೆ. ಕಪ್ಪಗಲ್ಲಿನ ಡಾಲರೈಟ್ ಬಂಡೆಗಳ ಮೇಲೆ ಹಳಬರು ಕೆತ್ತಿದ ಎತ್ತುಗಳ ಚಿತ್ರ ಇವೆ, ಹೊಡೆದರೆ ಗಂಟೆಯಂತೆ ನುಡಿಯುವ ಬಂಡೆಗಳಿವೆ, ಅವಕ್ಕೂ ಸಿಡಿಮದ್ದಿನ ಭಯ ತಪ್ಪಿಲ್ಲ. ಬಳ್ಳಾರಿಯಲ್ಲಿ ಈಗ ರಾಬರ್ಟ್ ಬ್ರೂಸ್ ಫೂಟ್ ಹೆಸರಿನಲ್ಲೇ ಸಂಗನಕಲ್ಲು ಮ್ಯೂಸಿಯಮ್ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಸರ್ವೇಕ್ಷಣೆಯ ಭೂಕೋಶ್ ಅನ್ನುವ ತಾಣದಲ್ಲಿ ನಿಮ್ಮ ತಾಲೂಕಿನ ಕಲ್ಲಿನ ನಕ್ಷೆ ತೆರೆದು ನೋಡಬಹುದು. 

ನಾನು ಹಳೆ ಪಟ್ಟಿಯ ಹೆಸರುಗಳನ್ನು ಈಗಿನ ಊರುಗಳ ಜೊತೆ ಹೊಂದಿಸುತ್ತ ಕೂತಿದ್ದೇನೆ. ಬಳ್ಳಾರಿ, ಸಂಡೂರು, ಸಿರುಗುಪ್ಪ ಕಡೆಯವರಾದರೆ ನಿಮ್ಮ ಮನೆಯ ಹಿರಿಯರನ್ನು ಒಂದು ಮಾತು ಕೇಳಿ: ಊರ ಸುತ್ತ ಬೂದಿದಿಬ್ಬ, ಬೂದಿಗುಂಡಿ, ಬೂದಿಹಾಳು ಅಂತ ಕರೆಯುವ ಹೊಲ ಇದೆಯಾ, ಇತ್ತಾ? ಇದ್ದರೆ ಸರ್ವೆ ನಂಬರ್ ಬರೆದಿಡಿ. ಬೂದಿ ಪೂರ್ತಿ ಹೋಗಿದ್ದರೂ ಪರವಾಗಿಲ್ಲ, ನಂಬರ್ ಬರೆದಿಡಿ.